ರೇಡಿಯೋ ಹುಂಜ ಮತ್ತು ಕುರಕುಂಭದ ಹ್ಯಾಟೆ



ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಕಾರ್ಯಕ್ರಮ ಹುಂಜದ ಕೂಗಿನಿಂದ ಶುರುವಾಗುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಮೊದಲು ಕೂಗು, ಅದರ ಬೆನ್ನಿಗೆ ಒಂದೆರಡು ಕ್ಷಣ ಕೊಳಲು, ಆಮೇಲೆ ನನ್ನ ನಮಸ್ಕಾರ. ಎಷ್ಟೋ ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಕಳೆದ ಡಿಸೆಂಬರಿನಲ್ಲಿ ಒಂದು ಫೋನ್ ಬಂತು. ಆ ಕಡೆಯಿಂದ ಅಪ್ಪಟ ವಿಜಯಪುರ ಸೀಮೆಯ ಹೆಣ್ಣು ದನಿ.

"ಏನವಾ ತಂಗಿ, ನಿಮ್ಮ ರೇಡಿಯೋದಾಗಿನ ಹುಂಜ ದಿನಾ ಒಂದ ನಮೂನಿ ಕೂಗತೈತಲ್ಲ, ಅದಕ್ಕ ಗಂಟಲಾ ನೋಯಂಗಿಲ್ಲೇನ?"

ನಾನು ನಕ್ಕುಬಿಟ್ಟೆ. ಅದು ಕಂಪ್ಯೂಟರಿನಲ್ಲಿರುವ ಹುಂಜ, ಅಕ್ಕಾರ, ಅಂದೆ. "ಅದ ಅಂತೀನಿ! ನಮ್ಮನಿಗೆ ಬಾ, ಖರೇ ಹುಂಜ ಕೇಳಸ್ತೀನಿ. ಹ್ಯಾಟಿ ಒಂದು ಕಾವಿಗೆ ಕುಂತೈತಿ, ಅದನ್ನೂ ನೋಡಿಯಂತ" ಅಂದರು. ಮನೆ ಎಲ್ಲಿ ಅಂತ ಕೇಳಿದರೆ, ಕುರಕುಂಭ.

ಪುಣೆಯಿಂದ ಸೋಲಾಪುರಕ್ಕೆ ರಸ್ತೆಯಲ್ಲಿ ಹೋಗಿ ಬಂದವರಿಗೆ ಈ ಹೆಸರು ಬಾಯಿಪಾಠ. ಹಡಪ್ಸರ್, ಲೋಣಿ, ಉರುಳಿ ಕಾಂಚನ್, ಯವತ್, ಪಾಟಸ್ ದಾಟಿದ ಮೇಲೆ, ಸುಮಾರು 80 ಕಿಲೋಮೀಟರಿಗೆ ಸಿಗುವ ಊರು. ದೌಂಡ್ ತಾಲೂಕು. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ಎಂ.ಐ.ಡಿ.ಸಿ.ಯ ರಾಸಾಯನಿಕ ಕಾರ್ಖಾನೆಗಳು. ಬಸ್ಸಿನ ಕಿಟಕಿ ತೆರೆದಿದ್ದರೆ ಊರು ಬಂತೆಂದು ಮೂಗೇ ಹೇಳುತ್ತದೆ! ಅಲ್ಲಿ ಕೋಳಿ ಸಾಕುವವರೂ ಇದ್ದಾರೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಫೋನ್ ಮಾಡಿದ ಅಕ್ಕ ಇಂಡಿ ತಾಲೂಕಿನವರು. ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಿಂದೆ ಒಂದಿಷ್ಟು ಹಿತ್ತಲಿರುವ ಎರಡು ಕೋಣೆಯ ಬಾಡಿಗೆ ಮನೆ. "ಊರು ಬಿಟ್ಟು ದೂರ ಬಂದೀವಿ ಅಂತ ಅನಸೂದಿಲ್ಲವಾ. ದೌಂಡಿನ ಮಗ್ಗಲಿಗೆ ಹರಿಯೂದು ಭೀಮಾ ಹೊಳಿ. ಅದ ನೀರು ಮುಂದ ನಮ್ಮೂರಿಗೆ ಹೋಗತೈತಿ" ಅಂದರು ಚಹಾ ಕೊಡುತ್ತಾ.

ಹಿತ್ತಲಲ್ಲಿ ಒಂದು ಹುಂಜ, ಆರು ಹ್ಯಾಟೆ. ನಮ್ಮ ಕಡೆ ಜವಾರಿ ಕೋಳಿ ಅಂತೀವಲ್ಲ, ಮರಾಠಿಯವರು ಗಾವರಾನ್ ಅಂತಾರೆ, ಆ ಜಾತಿ. ನಾನು ರೆಕಾರ್ಡರ್ ತೆಗೆದು ಹುಂಜದ ಮುಂದೆ ಹಿಡಿದೆ. ಅದು ನನ್ನನ್ನೊಮ್ಮೆ, ಮೈಕನ್ನೊಮ್ಮೆ ನೋಡಿತು. ಒಂದೂವರೆ ಗಂಟೆ ಉಸಿರೇ ಬಿಡಲಿಲ್ಲ. ಸ್ಟುಡಿಯೋಕ್ಕೆ ಬರುವ ಕೆಲವು ಕಲಾವಿದರೂ ಹೀಗೇ, ಬಿಡಿ.

ಆದರೆ ಮೂಲೆಯ ಬುಟ್ಟಿಯಲ್ಲಿ ಕೂತಿದ್ದ ಹ್ಯಾಟೆ ಮಾತಾಡಿತು. ಮೈಕ್ ಹತ್ತಿರ ಒಯ್ದದ್ದೇ ತಡ, ಮೈ ಗರಿಯೆಲ್ಲ ನಿಗುರಿಸಿ ಎರಡರಷ್ಟಾಗಿ, ಗಂಟಲ ಆಳದಿಂದ 'ಕ್ರ್‌ರ್‌ರ್' ಎಂದು ಗುರುಗುಟ್ಟಿತು. ಕಾವಿಗೆ ಕೂತ ಕೋಳಿ ಅಂದರೆ ಹಾಗೇ. ಮರಾಠಿಯಲ್ಲಿ ಇಂಥ ಕೋಳಿಗೆ 'ಖುಡೂಕ' ಅನ್ನುತ್ತಾರೆ. ಅಕ್ಕನ ಬಾಯಲ್ಲಿ ಕನ್ನಡ ಮರಾಠಿ ಎರಡೂ ಕಲೆತು "ಖುಡೂಕ ಕುಂತೈತಿ" ಆಗಿದೆ.

ಬುಟ್ಟಿಯ ತಳಕ್ಕೆ ಮರಳು, ಅದರ ಮೇಲೆ ಒಂದು ಹಿಡಿ ಬೂದಿ, ಮೇಲೆ ಹುಲ್ಲು. ಬೂದಿ ಇದ್ದರೆ ಹೇನು ಹತ್ತುವುದಿಲ್ಲ. ಹುಲ್ಲಿನಲ್ಲಿ 13 ತತ್ತಿ. ಬೆಸ ಸಂಖ್ಯೆಯಲ್ಲೇ ಇಡಬೇಕಂತೆ. ಅಂಚಿಗೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು, ಒಂದು ಕೆಂಪು ಮೆಣಸಿನಕಾಯಿ. ಗುಡುಗಿಗೆ ತತ್ತಿ ಕೆಡಬಾರದು, ಕೆಟ್ಟ ಕಣ್ಣು ಬೀಳಬಾರದು ಅಂತ. ಡಿಸೆಂಬರಿನಲ್ಲಿ ಎಲ್ಲಿಯ ಗುಡುಗು ಅಂತ ನಾನು ಕೇಳಲಿಲ್ಲ. ಎಂಟನೆಯ ರಾತ್ರಿ ಅದೇ ಅಕ್ಕ ಮಗಳ ಮೊಬೈಲ್ ಟಾರ್ಚಿನ ಬೆಳಕಿಗೆ ಒಂದೊಂದೇ ತತ್ತಿ ಹಿಡಿದು ನೋಡಿದರಂತೆ. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವ ಉಂಟು. ಒಂದು ತತ್ತಿ ಖಾಲಿ ಬೆಳ್ಳಗೆ ಹೊಳೆಯಿತು, ತೆಗೆದುಬಿಟ್ಟರು. ಉಳಿದದ್ದು 12.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಕಾವಿಗೆ ಕೂರುವುದು ಎಲ್ಲ ಕೋಳಿಗೂ ಬರುವ ವಿದ್ಯೆಯಲ್ಲ. ನೀವು ನಾವು ಅಂಗಡಿಯಲ್ಲಿ ಟ್ರೇ ಲೆಕ್ಕದಲ್ಲಿ ತರುವ ಬಿಳಿ ಮೊಟ್ಟೆಯ ಕೋಳಿಗೆ ಅದು ಮರೆತೇ ಹೋಗಿದೆ. ಮರೆಸಲಾಗಿದೆ ಅನ್ನುವುದು ಸರಿ. ದೇಶದ ಕೋಳಿ ಉದ್ಯಮದಲ್ಲಿ ನಮ್ಮ ಪುಣೆಗೆ ದೊಡ್ಡ ಹೆಸರು. 1971ರಲ್ಲಿ ಡಾ. ಬಿ.ವಿ. ರಾವ್ ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್ ಬೇರೂರಿದ್ದು ಈ ಊರಿನಲ್ಲಿ. 1982ರಲ್ಲಿ ಹುಟ್ಟಿ, ಮೊಟ್ಟೆ ತಿನ್ನಿರೆಂದು ಟಿವಿಯಲ್ಲಿ ಹಾಡಿಸಿದ ಎನ್.ಇ.ಸಿ.ಸಿ.ಯ ಹಿಂದೆ ಇದ್ದವರೂ ಅವರೇ. ಆ ಉದ್ಯಮದ ಕೋಳಿ ವರ್ಷಕ್ಕೆ 300 ಮೊಟ್ಟೆ ಇಡುತ್ತದೆ. ಜವಾರಿ ಕೋಳಿ 50-60 ಇಟ್ಟರೆ ಪುಣ್ಯ. ಯಾಕೆಂದರೆ ಜವಾರಿ ಕೋಳಿ ಹತ್ತು ಹನ್ನೆರಡು ಇಟ್ಟ ಕೂಡಲೇ ಕೆಲಸ ನಿಲ್ಲಿಸಿ ಕೂತುಬಿಡುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿತೆಂದರೆ ಅದಕ್ಕೆ ಊಟ ಬೇಡ, ಹುಂಜ ಬೇಡ. 21 ದಿನ ಕೂರುವುದು, ಆಮೇಲೆ ಎರಡು ಮೂರು ತಿಂಗಳು ಮರಿ ಮೇಯಿಸುವುದು. ಅಷ್ಟೂ ಕಾಲ ಮೊಟ್ಟೆ ಇಲ್ಲ. ವ್ಯಾಪಾರಿ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಹಾಗಾಗಿ ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ತಳಿ ಬೆಳೆಸಿದರು. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಿಂದ ಬಂದ ಗಿರಿರಾಜ ನೆನಪಿದೆಯೇ? ಹಿತ್ತಲಿಗೆಂದೇ ರೂಪಿಸಿದ ಕೋಳಿ ಅದು, ಒಳ್ಳೆಯ ಮೈಕಟ್ಟು. ಆದರೆ ಕಾವಿನ ವಿಷಯದಲ್ಲಿ ಅದರದ್ದೂ ಇದೇ ಕತೆ. ಊರ ಕಡೆ ಎಷ್ಟೋ ಮನೆಗಳಲ್ಲಿ ಗಿರಿರಾಜನ ಮೊಟ್ಟೆಯನ್ನು ಜವಾರಿ ಹ್ಯಾಟೆಯ ಕೆಳಗಿಟ್ಟೇ ಮರಿ ಮಾಡಿಸುತ್ತಾರೆ. ಇಡುವವಳು ಒಬ್ಬಳು, ಹೊರುವವಳು ಇನ್ನೊಬ್ಬಳು.

ತಾಯಿಯೇ ಇಲ್ಲದ ಮರಿಗಳ ಪಾಡೇನು ಅನ್ನುವುದನ್ನು ಅಕ್ಕ ಕಂಡವರು. ಅದರ ಹಿಂದಿನ ವರ್ಷ ಬೀದಿಯಲ್ಲಿ ಬಣ್ಣದ ಮರಿ ಮಾರುವವನು ಬಂದಿದ್ದನಂತೆ. ನೀವೂ ನೋಡಿರುತ್ತೀರಿ, ಸೈಕಲ್ಲಿನ ಹಿಂದೆ ಡಬ್ಬ, ಅದರ ತುಂಬ ಗುಲಾಬಿ, ಹಸಿರು, ನೀಲಿ ಮರಿಗಳು. ಹ್ಯಾಚರಿಯಲ್ಲಿ ಮೊಟ್ಟೆ ಇಡದ ಗಂಡುಮರಿ ಬೇಡವಲ್ಲ, ಅವಕ್ಕೆ ಬಣ್ಣ ಬಳಿದು ಮಕ್ಕಳಿಗೆ ಮಾರುತ್ತಾರೆ. ಮಗಳು ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ 20 ಮರಿ ತಗೊಂಡಳು. ರಟ್ಟಿನ ಪೆಟ್ಟಿಗೆ, ಮೇಲೊಂದು 60 ವ್ಯಾಟಿನ ಬಲ್ಬು. ಮೊದಲ ಎರಡು ಮೂರು ವಾರ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ತಾಯಿಯ ಹೊಟ್ಟೆಯಡಿ ಸೇರಬೇಕು, ಇಲ್ಲ ಬಲ್ಬು ಉರಿಯಬೇಕು. ನಾಲ್ಕನೆಯ ರಾತ್ರಿ ಕರೆಂಟು ಹೋಯಿತು. ಎಲ್ಲರಿಗೂ ನಿದ್ದೆ. ಬೆಳಿಗ್ಗೆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಒಂದರ ಮೇಲೊಂದು ರಾಶಿಯಾಗಿದ್ದವು. ಕೆಳಗಿದ್ದವು ಉಸಿರುಕಟ್ಟಿ, ಮೇಲಿದ್ದವು ಚಳಿಗೆ. ಮೂರು ಮಾತ್ರ ಉಳಿದವು.

"ಹುಡುಗಿ ಎಂಟು ದಿನ ನನ್ನ ಕೂಡ ಮಾತಾಡಲಿಲ್ಲವಾ. ನೀ ಯಾಕ ಏಳಲಿಲ್ಲ ಅಂತಾಳ. ಅದಕ್ಕ ಈ ಸಲ ಖುಡೂಕ ಬೀಳೂತನಕ ಕಾದೀನಿ" ಅಂದರು ಅಕ್ಕ. ಮಗಳು ಬಾಗಿಲ ಹತ್ತಿರವೇ ಇದ್ದಳು. ಏಳನೆಯ ತರಗತಿಯ ಹುಡುಗಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಕೆಂಪು ಗುರುತು ಹಾಕಿಟ್ಟಿದ್ದಳು, ಕಾವಿನ 21ನೆಯ ದಿನ.

ಆ ತಾರೀಖಿಗೆ ಎರಡು ದಿನ ಮೊದಲೇ ರಾತ್ರಿ ಹತ್ತಕ್ಕೆ ಫೋನ್. "ತತ್ತಿ ಒಳಗ ಮಾತಾಡಾಕತ್ತಾವ. ನಿನ್ನ ಮಿಷನ್ ತಗೊಂಡು ಬಾ."

ಮರುದಿನ ಹೋದೆ. ಸ್ನೇಹಿತರೇ, ನಾನು ಈ ವೃತ್ತಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಗೆಬಗೆಯ ದನಿ ಹಿಡಿದಿದ್ದೇನೆ. ಒಡೆಯದ ತತ್ತಿಯ ದನಿ ಹಿಡಿದದ್ದು ಅದೇ ಮೊದಲು. ಮೈಕನ್ನು ಹುಲ್ಲಿನೊಳಗೆ ತೂರಿಸಿ ಹೆಡ್‌ಫೋನ್ ಹಾಕಿಕೊಂಡರೆ, ಚಿಪ್ಪಿನೊಳಗಿಂದ ಸೂಜಿಮೊನೆಯಷ್ಟು ಸಣ್ಣ 'ಪಿಯ್ಞ್... ಪಿಯ್ಞ್'. ಅದಕ್ಕೆ ಮೇಲಿಂದ ತಾಯಿ ಮೆತ್ತಗೆ 'ಕುರ್‌ರ್' ಅನ್ನುತ್ತದೆ. ನನ್ನನ್ನು ಕಂಡರೆ ಗುರುಗುಟ್ಟುವ ದನಿಯಲ್ಲ, ಬೇರೆಯೇ. ಇದು ಅಂದರೆ ಅದು ಸುಮ್ಮನಾಗುತ್ತದೆ, ಇದು ನಿಂತರೆ ಅದು ಮತ್ತೆ ಕೇಳುತ್ತದೆ. ಹುಟ್ಟುವ ಮೊದಲೇ ಮರಿಗೆ ತಾಯಿಯ ದನಿ ಗೊತ್ತಾಗಿರುತ್ತದೆ ಅನ್ನುವುದನ್ನು ಓದಿದ್ದೆ. ಕೇಳಿಸಿಕೊಂಡದ್ದು ಅವತ್ತು.

21ನೆಯ ದಿನ ಸಂಜೆಯೊಳಗೆ ಎಂಟು ಮರಿ ಹೊರಬಂದವು, ಮರುದಿನ ಇನ್ನೆರಡು. ಹ್ಯಾಟೆ ಎರಡು ವಾರ ದಿನಕ್ಕೊಂದರಂತೆ ಇಟ್ಟ ತತ್ತಿಗಳು ಒಂದೇ ಹೊತ್ತಿಗೆ ಒಡೆಯುವುದು ಹೇಗೆ? ಎಲ್ಲ ಇಟ್ಟು ಮುಗಿಯುವತನಕ ಅದು ಕಾವು ಕೊಡುವುದಿಲ್ಲ. ತಣ್ಣಗಿರುವ ತತ್ತಿಯಲ್ಲಿ ಜೀವ ಬೆಳೆಯದೆ ಕಾಯುತ್ತಿರುತ್ತದೆ, ಹೀಗಾಗಿ ಎಲ್ಲದರ ಲೆಕ್ಕ ಒಂದೇ ದಿನದಿಂದ ಶುರು. ಮೊದಲು ಹುಟ್ಟಿದ ಮರಿ ಹಸಿದಿರುವುದಿಲ್ಲವೇ ಅಂತ ನಾನು ಕೇಳಿದ್ದೆ. ಇಲ್ಲ. ಹೊರಬರುವ ಮೊದಲು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಎರಡು ಮೂರು ದಿನಕ್ಕೆ ಅದೇ ಬುತ್ತಿ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ಅನ್ನ ನೀರಿಲ್ಲದೆ ರೈಲಿನಲ್ಲಿ, ಲಾರಿಯಲ್ಲಿ ಊರೂರಿಗೆ ಕಳಿಸುವುದು ಇದೇ ಬುತ್ತಿಯ ಧೈರ್ಯದ ಮೇಲೆ.

ಉಳಿದೆರಡು ತತ್ತಿಯಲ್ಲಿ ಒಂದು ಚಿಪ್ಪಿಗೆ ತೂತು ಮಾಡಿ ಅಲ್ಲೇ ನಿಂತಿತ್ತು. ಮಗಳು ಬಿಡಿಸಲು ಕೈ ಹಾಕಿದಳು. ಅಕ್ಕ ಬಿಡಲಿಲ್ಲ. ನರ ಇನ್ನೂ ಒಣಗಿರದಿದ್ದರೆ ರಕ್ತ ಬಂದು ಸಾಯುತ್ತದೆ. ರಾತ್ರಿಯ ಹೊತ್ತಿಗೆ ಒಳಗಿನ ದನಿ ನಿಂತಿತು. ಇನ್ನೊಂದು ಒಡೆಯಲೇ ಇಲ್ಲ. ಅದೇ ರಾತ್ರಿ ಮತ್ತೊಂದು ಮರಿ ತಾಯಿಯ ಕಾಲಿಗೇ ಸಿಕ್ಕಿತು. ಕೋಳಿ ತುಳಿದರೆ ಮರಿ ಸಾಯುತ್ತದೆಯೇ ಅಂತ ಗಾದೆ ಹೇಳುತ್ತೇವಲ್ಲ, ಸಾಯುತ್ತದೆ ಕಣ್ರೀ. ಮೊದಲ ಸಲ ಕೂತ ಹ್ಯಾಟೆ, ಇಕ್ಕಟ್ಟಾದ ಬುಟ್ಟಿ. ಮಗಳು ಅಂದೂ ಮಾತಾಡಲಿಲ್ಲ. ಉಳಿದದ್ದು ಒಂಬತ್ತು.

ಈಗ ಮನೆಯಲ್ಲಿ ಒಂದು ವಾದ ಎದ್ದಿತು. ತಾಯಿ, ಮರಿ ಎರಡನ್ನೂ ಎರಡು ತಿಂಗಳು ಒಳಕೋಣೆಯಲ್ಲಿ ಕೂಡಿಹಾಕೋಣ, ಹಿತ್ತಲಿಗೆ ಬಿಟ್ಟರೆ ಉಳಿದ ಕೋಳಿಗಳೇ ಕುಕ್ಕಿ ಕೊಲ್ಲುತ್ತವೆ ಅಂತ ಯಜಮಾನರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ತನ್ನದಲ್ಲದ ಮರಿಯನ್ನು ನೆತ್ತಿಗೆ ಕುಕ್ಕುವ ಹ್ಯಾಟೆಗಳು ಇರುತ್ತವೆ. ಆದರೆ ಅಕ್ಕನ ಮಾತು ಬೇರೆ: "ಎರಡು ತಿಂಗಳಾದ ಮ್ಯಾಲೆ ಒಮ್ಮೆಲೆ ಬಿಟ್ರ ಅವು ಪರದೇಶಿ ಆಕ್ಕಾವ. ಆವಾಗ ಅವ್ವನೂ ಕೈ ಬಿಟ್ಟಿರತಾಳ. ಈಗ ಬಿಟ್ರ ಅವ್ವ ಮುಂದ ಇರತಾಳ."

ಮಗಳು ಅಪ್ಪನ ಕಡೆ. ನಾನು, ಕೋಳಿ ವಿಷಯದಲ್ಲಿ ಏನೂ ಗೊತ್ತಿಲ್ಲದ ಬಿ.ಎ. ಪದವೀಧರೆ, ಯಾವ ಕಡೆಯೂ ಅಲ್ಲ. ಕೊನೆಗೆ ಒಪ್ಪಂದವಾಯಿತು. ಮೂರು ದಿನ ಹಿತ್ತಲಲ್ಲೇ ದೊಡ್ಡ ಬಿದಿರು ಬುಟ್ಟಿಯಡಿ ತಾಯಿ ಮರಿ. ಉಳಿದ ಕೋಳಿಗಳು ಸಂದಿನಿಂದ ನೋಡಲಿ. ನಾಲ್ಕನೆಯ ದಿನ ಬುಟ್ಟಿ ಎತ್ತುವುದು, ಮೂವರೂ ಕೋಲು ಹಿಡಿದು ಸುತ್ತ ನಿಲ್ಲುವುದು.

ಕೋಳಿ ಹಿಂಡಿನಲ್ಲಿ ಮೇಲು ಕೀಳು ಬಹಳ. ಯಾರು ಯಾರನ್ನು ಕುಕ್ಕಬಹುದು ಅನ್ನುವುದು ಪಕ್ಕಾ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತನಗಿಂತ ಕೆಳಗಿನದನ್ನು. ಇದನ್ನು ಮೊದಲು ಬರೆದಿಟ್ಟವರು ನಾರ್ವೆಯ ಶೆಲ್ಡೆರುಪ್-ಎಬ್ಬೆ, 1920ರ ದಶಕದ ಆರಂಭದಲ್ಲಿ. ಚಿಕ್ಕ ಹುಡುಗನಾಗಿದ್ದಾಗಿನಿಂದಲೇ ಅವರು ಕೋಳಿಗಳನ್ನು ನೋಡುತ್ತಾ ಲೆಕ್ಕ ಬರೆದಿಡುತ್ತಿದ್ದರು. ಆಫೀಸುಗಳ ಬಗ್ಗೆ ಮಾತಾಡುವಾಗ ಇವತ್ತು ನಾವು ಬಳಸುವ 'ಪೆಕಿಂಗ್ ಆರ್ಡರ್' ಅಲ್ಲಿಂದ ಬಂದದ್ದು! ಕುರಕುಂಭದ ಹಿತ್ತಲಿಗೆ ಒಂದು ಕರಿ ಹ್ಯಾಟೆ ಯಜಮಾನಿ. ನಮ್ಮ ತಾಯಿ ಹ್ಯಾಟೆಯ ಸ್ಥಾನ ಕೆಳಗಿನಿಂದ ಎರಡನೆಯದು. ಕಾಳು ಚೆಲ್ಲಿದರೆ ಎಲ್ಲರದ್ದೂ ಮುಗಿದ ಮೇಲೆ ಬರುವ ಕೋಳಿ.

ಬುಟ್ಟಿ ಎತ್ತಿದರು. ಮರಿಗಳು ಹತ್ತಿಯ ಉಂಡೆಗಳಂತೆ ಉರುಳುತ್ತಾ ಹೊರಬಂದವು. ಕರಿ ಹ್ಯಾಟೆ ಕತ್ತು ಚಾಚಿ ಬಂತು, ಅಂಚಿನಲ್ಲಿದ್ದ ಒಂದು ಮರಿಯ ಬೆನ್ನಿಗೆ ಕುಕ್ಕಿತು. ಆ ಮರಿ 'ಪೀ...ಯೋಂ' ಅಂತ ಕಿರುಚಿದ್ದು ನನ್ನ ರೆಕಾರ್ಡಿಂಗ್‌ನಲ್ಲಿದೆ. ಮೇಲಿಂದ ಕೆಳಗೆ ಜಾರುವ ದನಿ ಅದು. ಮರಿ ಸುಖವಾಗಿದ್ದಾಗಿನ ಚಿಲಿಪಿಲಿ ಕೆಳಗಿನಿಂದ ಮೇಲೆ ಏರುತ್ತದೆ, ಕಷ್ಟದಲ್ಲಿದ್ದಾಗ ಕೆಳಗೆ ಜಾರುತ್ತದೆ. ಮುಂದೆ ಆದದ್ದು ಎಷ್ಟು ಬೇಗ ಆಯಿತೆಂದರೆ ಕೋಲೆತ್ತಲು ಯಾರಿಗೂ ಹೊತ್ತು ಸಿಗಲಿಲ್ಲ. ಕೆಳಗಿನಿಂದ ಎರಡನೆಯ ಆ ಕೋಳಿ ನೆಲದಿಂದ ಎರಡಡಿ ಹಾರಿ ಯಜಮಾನಿಯ ತಲೆಯ ಮೇಲೇ ಬಿತ್ತು. ರೆಕ್ಕೆ, ಕಾಲು, ಕೊಕ್ಕು, ಧೂಳು. ಕರಿ ಹ್ಯಾಟೆ ಬೇಲಿಯವರೆಗೆ ಓಡಿತು, ಹಿಂದೆಯೇ ಇದೂ ಓಡಿತು. ತಿರುಗಿ ಬಂದು ಮೈ ಕೊಡವಿ, ಏನೂ ಆಗದವರಂತೆ 'ಕ್ಲುಕ್ ಕ್ಲುಕ್' ಅಂತ ಮರಿಗಳನ್ನು ಕರೆದುಕೊಂಡು ಹೊರಟಿತು.

ಅವತ್ತಿನಿಂದ ಕಾಳು ಚೆಲ್ಲಿದರೆ ಮೊದಲು ಬರುವುದು ಈ ಹ್ಯಾಟೆ. ಉಳಿದವು ಹಿಂದೆ ಸರಿದು ದಾರಿ ಕೊಡುತ್ತವೆ. ಹುಂಜವಂತೂ ಮರಿಗಳ ತಂಟೆಗೇ ಹೋಗಲಿಲ್ಲ. ಒಂದೆರಡು ಬಾರಿ ತಾನು ಕಂಡ ಹುಳುವನ್ನು ನೆಲಕ್ಕೆ ಬೀಳಿಸಿ ಮರಿಗಳಿಗೆ ಬಿಟ್ಟದ್ದನ್ನೂ ನೋಡಿದೆ. ಕುಕ್ಕಿಸಿಕೊಂಡ ಮರಿಯ ಗಾಯಕ್ಕೆ ಅಕ್ಕ ಅರಿಶಿನ ಒತ್ತಿದರು, ಬದುಕಿಕೊಂಡಿತು.

ಮೇವಿನ ವಿಷಯ. ಮೊದಲ ವಾರ ಜೋಳದ ನುಚ್ಚು, ಸಜ್ಜೆ ನುಚ್ಚು, ನಡುನಡುವೆ ಬೇಯಿಸಿದ ತತ್ತಿಯ ಹಳದಿ. ನೀರಿಗೆ ಅಗಲ ತಟ್ಟೆ, ಅದರಲ್ಲಿ ಗುಂಡುಕಲ್ಲು, ಮರಿ ಮುಳುಗಬಾರದಲ್ಲ. ಗೆದ್ದಲಿನ ಉಪಾಯ ನನಗೆ ಬಹಳ ಹಿಡಿಸಿತು. ಒಂದು ಹಳೆ ಮಡಕೆಗೆ ಸಗಣಿ, ಹುಲ್ಲು, ಹರಕು ಗೋಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕಬೇಕು. ಮರುದಿನ ಎತ್ತಿದರೆ ಬಿಳಿ ಹುಳು ತುಂಬಿರುತ್ತವೆ. ಮರಿಗಳಿಗೆ ಹಬ್ಬದೂಟ.

ಆ ಮಡಕೆ ಎತ್ತಿದಾಗ ತಾಯಿ ಮಾಡುವ ದನಿ ಕೇಳಬೇಕು ನೀವು. 'ಟುಕ್ ಟುಕ್ ಟುಕ್ ಟುಕ್' ಎಂದು ಅವಸರದಲ್ಲಿ ಕರೆಯುತ್ತಾ, ಹುಳುವನ್ನು ಎತ್ತಿ ಕೆಳಗಿಡುತ್ತದೆ, ಮತ್ತೆ ಎತ್ತುತ್ತದೆ, ಮತ್ತೆ ಇಡುತ್ತದೆ. ತಾನು ಮಾತ್ರ ನುಂಗುವುದಿಲ್ಲ. ಬಸವಣ್ಣನವರ ಕಾಗೆ ಕೋಳಿಗಳ ವಚನವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವಳು. ತಿನ್ನಲು ಸಿಕ್ಕಾಗ ತನ್ನವರನ್ನು ಕೂಗಿ ಕರೆಯುವ ಕೋಳಿಯನ್ನು ತೋರಿಸಿ, ಹಾಗೆ ಕರೆಯದ ಭಕ್ತರನ್ನು ಅವರು ಅಲ್ಲಿ ಚುಚ್ಚುತ್ತಾರೆ. ಸಂದರ್ಭಸಹಿತ ವಿವರಿಸಿ ಐದು ಅಂಕವನ್ನೂ ತಗೊಂಡಿದ್ದೆ. ಅದು 12ನೆಯ ಶತಮಾನದಲ್ಲಿ ಯಾವುದೋ ಹಿತ್ತಲನ್ನು ಕಣ್ಣಾರೆ ನೋಡಿ ಬರೆದ ಮಾತು ಅನ್ನುವುದು ಕುರಕುಂಭದಲ್ಲಿ ನಿಂತಾಗ ತಿಳಿಯಿತು.

ಕರೆಯುವುದಷ್ಟೇ ಅಲ್ಲ, ತಿದ್ದುತ್ತದೆ ಕೂಡ. 1996ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ನಿಕೋಲ್ ಮತ್ತು ಸ್ಟುವರ್ಟ್ ಪೋಪ್ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಬಣ್ಣದ ಕಾಳು ರುಚಿ ಕೆಟ್ಟದ್ದು ಅಂತ ತಾಯಿಗೆ ಮೊದಲೇ ಕಲಿಸಿದ್ದರು. ಮರಿಗಳು ಅದೇ ಬಣ್ಣದ್ದನ್ನು ತಿನ್ನುವುದು ಕಂಡಾಗ ತಾಯಿ ಸುಮ್ಮನಿರಲಿಲ್ಲ, ಇನ್ನೂ ಜೋರಾಗಿ ಕೆದರಿ ಕುಕ್ಕಿ ಮರಿಗಳನ್ನು ತನ್ನ ಕಡೆ ಸೆಳೆಯಲು ನೋಡಿತು. ಅಕ್ಕನಿಗೆ ಇದನ್ನು ಹೇಳಿದೆ. "ಇದಕ್ಕ ವಿಲಾಯತಿಗೆ ಹೋಗಬೇಕಾ?" ಅಂದರು.

ಮರಿಗಳಿಗೆ ಏಳನೆಯ ದಿನ ಕೊಕ್ಕರೆ ರೋಗದ ಲಸಿಕೆ. ರಾಣಿಖೇತ್ ರೋಗ ಅಂತ ಪುಸ್ತಕದ ಹೆಸರು, ಮರಾಠಿಯಲ್ಲಿ ಮಾನಮೋಡಿ. ಬಂದರೆ ಕತ್ತು ತಿರುಚಿ ಇಡೀ ಹಿಂಡು ಮಲಗುತ್ತದೆ, ಮದ್ದಿಲ್ಲ. ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡಬೇಕು. ಒಂದು ಸೀಸೆ ನೂರು ಮರಿಗೆ ಆಗುವಷ್ಟು ಇರುತ್ತದೆ, ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ತಾಸೆರಡು ತಾಸಿನಲ್ಲಿ ಮುಗಿಸಬೇಕು. ಒಂಬತ್ತು ಮರಿಗೆ ನೂರು ಹನಿ ಏನು ಮಾಡುವುದು? ಓಣಿಯ ಮರಾಠಿ ಬಾಯಿಯರೆಲ್ಲ ಸೆರಗಿನಲ್ಲಿ, ಬುಟ್ಟಿಯಲ್ಲಿ ಮರಿ ಕಟ್ಟಿಕೊಂಡು ಅಕ್ಕನ ಅಂಗಳಕ್ಕೆ ಬಂದರು. ಹನಿ ಹಾಕುವ ಕೆಲಸ ಮಗಳದ್ದು. ಅಲ್ಲಿದ್ದ ಹಿರಿಯರೊಬ್ಬರು 2006ರ ಫೆಬ್ರುವರಿಯನ್ನು ನೆನೆದರು. ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡ ಕಾಲ. ಅಲ್ಲಿ ಫಾರಮ್ಮಿನ ಕೋಳಿ, ಹಿತ್ತಲ ಕೋಳಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಕೊಂದು ಹೂತರು. ದೂರದ ಕುರಕುಂಭದಲ್ಲೂ ಜನ ತಿಂಗಳುಗಟ್ಟಲೆ ತತ್ತಿ ಮುಟ್ಟಲಿಲ್ಲವಂತೆ.

ಜನವರಿಯ ಕೊನೆಗೆ ಇನ್ನೊಮ್ಮೆ ಹೋದಾಗ ಆದದ್ದನ್ನು ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳುತ್ತೇನೆ. ಮಧ್ಯಾಹ್ನ, ಎಲ್ಲರೂ ಕೂತು ರೊಟ್ಟಿ ತಿನ್ನುತ್ತಿದ್ದೆವು. ರೆಕಾರ್ಡರ್ ಹಿತ್ತಲ ಕಟ್ಟೆಯ ಮೇಲೆ ಓಡುತ್ತಲೇ ಇತ್ತು. ಆಕಾಶದಲ್ಲಿ ಅಪಾಯ ಕಂಡರೆ ಹ್ಯಾಟೆಯ ದನಿ ಒಂದು, ನೆಲದ ಮೇಲೆ ಬೆಕ್ಕೋ ಮುಂಗುಸಿಯೋ ಕಂಡರೆ ಇನ್ನೊಂದು. ಬೆಕ್ಕಿಗಾದರೆ 'ಕ್ಯಾಕ್ ಕ್ಯಾಕ್ ಕ್ಯಾಕ್' ಅಂತ ಊರಿಗೆಲ್ಲ ಕೇಳುವ ಗಲಾಟೆ. ಹದ್ದಿಗಾದರೆ ಉದ್ದಕ್ಕೆ ಎಳೆದ ಒಂದೇ ಒಂದು ಸಣ್ಣ ದನಿ. ಅದು ಕೇಳಿದ ಮರಿಗಳು ಎಲ್ಲಿದ್ದವೋ ಅಲ್ಲೇ ಕಲ್ಲಾಗುತ್ತವೆ, ಇಲ್ಲ ಪೊದೆಗೆ ನುಗ್ಗುತ್ತವೆ. ಆ ದನಿ ಬಂತು. ನಾವು ಎದ್ದು ಹೊರಗೆ ಓಡುವಷ್ಟರಲ್ಲಿ ಗಿಡಗ ಬಂದು ಹೋಗಿಯೂ ಆಗಿತ್ತು. ಹ್ಯಾಟೆ ಆಕಾಶಕ್ಕೆ ಮುಖ ಮಾಡಿ ರೆಕ್ಕೆ ಬಿಚ್ಚಿ ನಿಂತಿತ್ತು. ಎಂಟು ಮರಿ.

ಅದನ್ನು ಸ್ಟುಡಿಯೋದಲ್ಲಿ ಮತ್ತೆ ಕೇಳಿದೆ. ಎಳೆದ ದನಿ, ಮೌನ, ರೆಕ್ಕೆಯ ಬಡಿತ. ಆಮೇಲೆ ಸುಮಾರು ನಾಲ್ಕು ನಿಮಿಷ 'ಕ್ಲುಕ್... ಕ್ಲುಕ್' ಅಂತ ಕರೆಯುತ್ತಲೇ ಇದೆ. ಬ್ರಿಸ್ಟಲ್ಲಿನವರೇ 2011ರಲ್ಲಿ ಇನ್ನೊಂದು ಅಧ್ಯಯನ ಮಾಡಿದ್ದರು. ಮರಿಗಳ ಗರಿಗೆ ಬರೀ ಗಾಳಿ ಊದಿದರು, ನೋವಾಗುವಷ್ಟೇನಲ್ಲ. ನೋಡುತ್ತಿದ್ದ ತಾಯಿಯ ಎದೆಬಡಿತ ಏರಿತು, ಕಣ್ಣಿನ ಉಷ್ಣತೆ ಇಳಿಯಿತು, ಮೈ ಗರಿ ತೀಡಿಕೊಳ್ಳುವುದು ಬಿಟ್ಟು ಕರೆಯತೊಡಗಿತು. ಗಾಳಿಗೇ ಹಾಗಾದರೆ ಇನ್ನು ಗಿಡಗಕ್ಕೆ? ಆ ನಾಲ್ಕು ನಿಮಿಷವನ್ನು ನಾನು ಪ್ರಸಾರ ಮಾಡಿಲ್ಲ, ಮಾಡುವುದೂ ಇಲ್ಲ.

ಆಮೇಲೊಂದು ರಾತ್ರಿ ಬೆಕ್ಕು ಒಂದನ್ನು ಒಯ್ದಿತು. ಏಳು ಉಳಿದವು.

ಮಾರ್ಚ್ ನಡುವಿಗೆ ಮಗಳು ತಾನೇ ಫೋನ್ ಮಾಡಿದಳು, ಅಳುದನಿಯಲ್ಲಿ. "ಅಕ್ಕಾ, ಅವ್ವ ಕೋಳಿ ಮರಿಗೆ ಕುಕ್ಕಾಕತ್ತೈತಿ. ಹತ್ರ ಬಂದ್ರ ಹೊಡೀತೈತಿ. ಹುಚ್ಚ ಹಿಡದೈತೇನ?" ಹುಚ್ಚಲ್ಲ. ಹತ್ತು ವಾರ ಆಗಿತ್ತು. ಮರಿಗಳಿಗೆ ಗರಿ ಬಂದಿದೆ, ಮೇವು ಗೊತ್ತು, ದನಿ ಗೊತ್ತು. ಹ್ಯಾಟೆ ಆ ವಾರವೇ ಹುಂಜದ ಹಿಂದೆ ತಿರುಗಿ ಮತ್ತೆ ತತ್ತಿ ಇಡಲು ಶುರು ಮಾಡಿತ್ತು. ತಾಯ್ತನದ ಜೋರು ಇಳಿದ ಮೇಲೆ ಹಿಂಡಿನಲ್ಲಿ ಅದರ ಜಾಗ ಮತ್ತೆ ಕೆಳಗಿನಿಂದ ಎರಡನೆಯದೇ. ಅಲ್ಲ, ತಪ್ಪು ಹೇಳಿದೆ, ಈಗ ಅದರ ಕೆಳಗೆ ಏಳು ಮರಿಗಳಿವೆ. ಅವಕ್ಕೆ ಕರಿ ಹ್ಯಾಟೆ ಬಂದರೆ ಎಷ್ಟು ದೂರ ಸರಿಯಬೇಕು ಅನ್ನುವುದು ತಾಯಿ ಇದ್ದಾಗಲೇ ತಿಳಿದಿತ್ತು. ಒಂದಕ್ಕೂ ಗಾಯವಾಗಲಿಲ್ಲ. ಯಜಮಾನರು ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಆದರೆ ರಜೆಯ ದಿನ ಕೂತು ಗೂಡಿಗೆ ಹೊಸ ಜಾಳಿಗೆ ಬಿಗಿದರು, ಬೆಕ್ಕು ನುಗ್ಗದ ಹಾಗೆ.

ಮಗಳು ಆ ರಾತ್ರಿ ಏಳೂ ಮರಿಗಳನ್ನು ಒಂದೊಂದಾಗಿ ಎತ್ತಿ ಗೂಡಿನ ಕೋಲಿನ ಮೇಲೆ ಕೂರಿಸಿದಳಂತೆ. ಮರುದಿನ ಅವು ತಾವೇ ಹತ್ತಿದವು.

ಏಳರಲ್ಲಿ ನಾಲ್ಕು ಹ್ಯಾಟೆ, ಮೂರು ಹುಂಜ. ಕಳೆದ ವಾರ ಅಕ್ಕನ ಮೊಬೈಲಿನಿಂದ ಒಂದು ಧ್ವನಿ ಸಂದೇಶ ಬಂತು. ಕಾರ್ಖಾನೆಯ ಸೈರನ್ ಹಿಂದೆ, ಒಡೆದ ಗಂಟಲಿನಲ್ಲಿ, 'ಕೊಕ್ಕೋ...' ಅಂತ ಎತ್ತಿ ಅರ್ಧಕ್ಕೇ ಬಿದ್ದುಹೋಗುವ ಒಂದು ಕೂಗು. ಕುಕ್ಕಿಸಿಕೊಂಡು ಅರಿಶಿನ ಹಚ್ಚಿಸಿಕೊಂಡಿತ್ತಲ್ಲ, ಆ ಮರಿಯ ಮೊದಲ ಕೂಗು ಅದು. ಕೊನೆಯಲ್ಲಿ ಅಕ್ಕನ ದನಿ: "ಇನ್ನ ಕಲಿಯಾಕತ್ತೈತಿ, ನಗಬ್ಯಾಡ್ರಿ ಅಂತ ಹೇಳು ಎಲ್ಲಾರಿಗೂ."

ಮುಂದಿನ ಭಾನುವಾರ ಕಂಪ್ಯೂಟರ್ ಹುಂಜಕ್ಕೆ ರಜೆ. ಕೊಳಲಿನ ಮೊದಲು ನೀವು ಕೇಳುವುದು ಇದನ್ನೇ. ದಯವಿಟ್ಟು ನಗಬೇಡಿ.